ಕ್ಯಾಪ್ಟನ್ ನಿಹಾರ ಯಾವ ಟೈಪ್?

“ಹುಲಿ ಟೈಪ್. ಟಿಕ್ ಹಾಕು ಮಾರಾಯ್ತಿ, ಈಗ ಬೆಲ್ ಆಗ್ತದೆ!” ಹಫ್ಸಾ ಪೆನ್ಸಿಲಿನಿಂದ ಡೆಸ್ಕ್ ಕುಟ್ಟಿದಳು.

ಮೆರ್ಲಿನ್ ಟಿಕ್ ಹಾಕಲಿಲ್ಲ. ಹೇಮಾಕ್ಷಿ ಟೀಚರ್ ಕೊಟ್ಟ ಚಾರ್ಟನ್ನೇ ನೋಡುತ್ತಾ ಕುಳಿತಳು.

ಐದನೇ ಕ್ಲಾಸಿನ ಮಕ್ಕಳು ಇಬ್ಬಿಬ್ಬರಾಗಿ ಸೇರಿ, ತಮಗೆ ಇಷ್ಟವಾದ ಕತೆಯ ಹೀರೋ ಯಾವ ಟೈಪಿನವರು ಎಂದು ಕಂಡುಹಿಡಿಯಬೇಕಿತ್ತು. ಮಾತುಗಾರರೋ, ಮೌನಿಯೋ? ಪ್ಲಾನ್ ಮಾಡುವವರೋ, ಥಟ್ಟನೆ ನುಗ್ಗುವವರೋ? ಗಟ್ಟಿ ಮನಸ್ಸಿನವರೋ, ಮೆದು ಮನಸ್ಸಿನವರೋ? ಒಂದು ಸಾಲಿಗೆ ಒಂದೇ ಟಿಕ್. ಕೊನೆಗೆ ಟಿಕ್‌ಗಳನ್ನು ನೋಡಿ ಹುಲಿ, ಆನೆ, ಗೂಬೆ, ಜಿಂಕೆ, ಇವುಗಳಲ್ಲಿ ಒಂದು ಟೈಪ್ ಬರೆಯಬೇಕು.

ಇವರಿಬ್ಬರ ಹೀರೋ ಕ್ಯಾಪ್ಟನ್ ನಿಹಾರ. ಕ್ಲಾಸ್ ಲೈಬ್ರರಿಯ ಕಾಮಿಕ್ಸ್ ಪುಸ್ತಕದಲ್ಲಿ ಅವಳು ಆಕಾಶದಾಚೆ ದೊಡ್ಡ ಹಡಗೊಂದನ್ನು ಓಡಿಸುತ್ತಾಳೆ. ಮಾತು ಕಮ್ಮಿ, ಪ್ಲಾನ್ ಜಾಸ್ತಿ. ಹಾಗಾಗಿ ಮೊದಲ ಎರಡು ಸಾಲು ಕೂಡಲೇ ಮುಗಿದಿತ್ತು. ಮೂರನೆಯದಕ್ಕೆ ಬಂದಾಗ ಜಗಳ ಶುರುವಾಯಿತು.

“ಗಟ್ಟಿ ಮನಸ್ಸೇ,” ಎಂದಳು ಹಫ್ಸಾ. “ಟಿಯಾಗೆ ಎಷ್ಟು ಬೈತಾಳೆ ನೋಡು. ಅವಳು ಒಂದು ವಾಲ್ವ್ ಕ್ಲೋಸ್ ಮಾಡ್ಲಿಕ್ಕೆ ಮರೆತದ್ದು ಅಷ್ಟೇ. ಸ್ವಂತ ತಂಗಿ ಬೇರೆ!”

“ಮತ್ತೆ ಆ ಶತ್ರು ಪೈಲಟ್? ಅವನಿಗೆ ಗಾಯ ಆದಾಗ ಮೂರು ದಿನ ಪಕ್ಕದಲ್ಲೇ ಕೂತದ್ದು ಯಾರು? ಅವನು ಔಷಧಿ ಉಗಿದ್ರೂ ಅವಳಿಗೆ ಸಿಟ್ಟು ಬರಲಿಲ್ಲ. ಗಟ್ಟಿ ಮನಸ್ಸಿನವರು ಹಾಗೆ ಮಾಡ್ತಾರಾ?”

“ಮೆದು ಮನಸ್ಸಿನವರು ತಂಗಿಗೆ ಹಾಗೆ ಬೈತಾರಾ?”

ಮೆರ್ಲಿನ್ ಮೂರನೇ ಸಾಲನ್ನು ಮತ್ತೆ ಓದಿದಳು. ಹಫ್ಸಾ ಹೇಳಿದ್ದು ಸರಿ. ತಾನು ಹೇಳಿದ್ದೂ ಸರಿ. ಎರಡೂ ಸರಿಯಾದರೆ ಟಿಕ್ ಎಲ್ಲಿ ಹಾಕುವುದು?

“ನಿನಗೆ ಎಲ್ಲದಕ್ಕೂ ಡೌಟು,” ಹಫ್ಸಾ ಎದ್ದು ನಿಂತಳು. “ಕ್ವಿಜ್‌ನಲ್ಲಿ ಕೂಡ ನೀನು ಯೋಚನೆ ಮಾಡಿ ಮಾಡಿ ನಾವು ಲಾಸ್ಟ್ ಆದದ್ದು. ಚಾರ್ಟ್ ನೀನೇ ಮನೆಗೆ ತಕ್ಕೊಂಡು ಹೋಗು. ನಾಳೆ ಟಿಕ್ ಇಲ್ಲದೆ ಬಂದ್ರೆ ಇನ್ನು ಎಲ್ಲ ಪ್ರಾಜೆಕ್ಟಿಗೂ ನಾನು ಮುಂದಿನ ಬೆಂಚಿನ ಮೆಲಿಸಾನ ಒಟ್ಟಿಗೆ.”

ಬೆಲ್ ಹೊಡೆಯಿತು.

ಸಂಜೆ ಶಾಲೆಯ ವ್ಯಾನು ಮೆರ್ಲಿನ್‌ಳನ್ನು ಜೆಪ್ಪುವಿನಲ್ಲಿ ಅವಳ ಮನೆಯ ಮುಂದೆ ಇಳಿಸಿದಾಗ ಪಕ್ಕದ ಮನೆಯ ಇಸಿದೋರ್ ಅಂಕಲ್ ಗೇಟಿನ ಹತ್ತಿರ ರಿಕ್ಷಾ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಮೆರ್ಲಿನ್‌ಳ ಡ್ಯಾಡಿ ಮಸ್ಕತ್‌ನಲ್ಲಿ ಕೆಲಸಕ್ಕಿದ್ದರು. ಮಮ್ಮಿ ನರ್ಸ್. ಮಮ್ಮಿಯ ಡ್ಯೂಟಿ ಮುಗಿಯುವವರೆಗೆ ಅವಳು ದಿನವೂ ಅಂಕಲ್ ಮನೆಯಲ್ಲೇ ಇರುತ್ತಿದ್ದಳು.

“ಪುತಾ, ರಿಕ್ಷಾ ಹತ್ತು ಮಗಳೇ,” ಎಂದರು ಅಂಕಲ್. ಒಳಗೆ ಆಂಟಿ ಆಗಲೇ ಕುಳಿತಿದ್ದರು. “ಆಂಟಿಯನ್ನು ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಲಿಕ್ಕೆ ಉಂಟು. ನಿನ್ನನ್ನು ಮಮ್ಮಿಯ ಆಸ್ಪತ್ರೆಯಲ್ಲಿ ಬಿಡ್ತೇನೆ. ಫೋನ್ ಮಾಡಿದೆ, ಅವಳು ತೆಗೀಲಿಲ್ಲ.”

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ವಾರ್ಡಿನ ಎದುರಿಗಿದ್ದ ಸ್ಟೀಲ್ ಕುರ್ಚಿಯಲ್ಲಿ ಅಂಕಲ್ ಅವಳನ್ನು ಕೂರಿಸಿ ಹೋದರು. ವಾರ್ಡಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಮ್ಮಿ ಕಾಣಿಸಿದಳು.

ಮಮ್ಮಿಯ ಕೈಯಲ್ಲಿ ಗಂಜಿಯ ಬಟ್ಟಲು. ಮಂಚದಲ್ಲಿ ಒಬ್ಬರು ಅಜ್ಜ ಮುಖ ಆಚೆ ತಿರುಗಿಸಿ ಕುಳಿತಿದ್ದರು.

“ಒಂದು ಚಮಚ ಅಜ್ಜೆರೇ.”

ಅಜ್ಜ ಸಿಟ್ಟಿನಿಂದ ಕೈ ಬೀಸಿದರು. ಚಮಚ ಹಾರಿತು. ಗಂಜಿ ಮಮ್ಮಿಯ ಬಿಳಿ ಯೂನಿಫಾರ್ಮಿನ ಮೇಲೆಲ್ಲ ಚೆಲ್ಲಿತು.

ಮೆರ್ಲಿನ್ ಕಾಲುಗಳನ್ನು ಕುರ್ಚಿಯ ಮೇಲಕ್ಕೆ ಎಳೆದುಕೊಂಡಳು. ಮುಗಿಯಿತು, ಈಗ ಬೈಗುಳ!

ಆದರೆ ಮಮ್ಮಿ ನಕ್ಕಳು. “ಅಯ್ಯೋ, ಗಂಜಿ ನನ್ನ ಬಟ್ಟೆಗಲ್ಲ, ನಿಮ್ಮ ಹೊಟ್ಟೆಗೆ,” ಎಂದಳು. ಬೇರೆ ಚಮಚ ತಂದಳು. ಅಜ್ಜನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಏನೋ ಹೇಳಿದಳು. ಅಜ್ಜ ಇನ್ನೂ ಎರಡು ಸಲ ಬೇಡ ಎಂದರು. ಮೂರನೇ ಸಲ ಬಾಯಿ ತೆರೆದರು.

ಮೆರ್ಲಿನ್‌ಗೆ ತಲೆಬುಡ ಅರ್ಥವಾಗಲಿಲ್ಲ. ಬೆಳಿಗ್ಗೆ ನೀರಿನ ಬಾಟಲಿಯ ಮುಚ್ಚಳ ಸಡಿಲವಾಗಿ ಅವಳ ಬ್ಯಾಗ್ ಒದ್ದೆಯಾಗಿತ್ತು. ಅಷ್ಟಕ್ಕೇ ಇದೇ ಮಮ್ಮಿ ಇಡೀ ಕಾಂಪೌಂಡಿಗೆ ಕೇಳುವ ಹಾಗೆ ಬೈದಿದ್ದಳು. ಬರೀ ನೀರು! ಇಲ್ಲಿ ಯಾರೋ ಅಜ್ಜ ಗಂಜಿ ಚೆಲ್ಲಿದರೆ ನಗು. ಈ ನಗು ಮನೆಯಲ್ಲಿ ಯಾಕೆ ಬರುವುದಿಲ್ಲ?

ಅಷ್ಟರಲ್ಲಿ ಮಮ್ಮಿ ಹೊರಗೆ ಬಂದಳು.

“ನೀನು ಇಲ್ಲಿ ಎಂತ ಮಾಡ್ತಾ ಇದ್ದೀ? ಅಂಕಲ್ ಎಲ್ಲಿ? ಕಾಲು ಕುರ್ಚಿಯಿಂದ ಕೆಳಗೆ ಹಾಕು ಮೊದಲು! ಏನೂ ಮುಟ್ಟಬೇಡ, ಇದು ಆಸ್ಪತ್ರೆ!”

ಮೆರ್ಲಿನ್ ಕಾಲು ಕೆಳಗೆ ಹಾಕಿದಳು. ಕಣ್ಣು ತುಂಬಿತು. ಮಮ್ಮಿ ಅದನ್ನು ನೋಡುವ ಮೊದಲೇ ಒಳಗಿನಿಂದ ಯಾರೋ “ಸಿಸ್ಟರ್!” ಎಂದು ಕರೆದರು. ಮಮ್ಮಿ ಓಡಿದಳು.

ಆರು ಗಂಟೆಗೆ ಇಬ್ಬರೂ ಸಿಟಿ ಬಸ್ ಹತ್ತಿದರು. ಕಿಟಕಿಯ ಹತ್ತಿರ ಸೀಟು ಸಿಕ್ಕಿತು. ಪಂಪ್‌ವೆಲ್‌ನ ಫ್ಲೈಓವರ್ ಕೆಳಗೆ ಬಸ್ಸು ಸಿಕ್ಕಿಹಾಕಿಕೊಂಡಿತು. ಮುಂದೆ ಲಾರಿ, ಹಿಂದೆ ಲಾರಿ. ಮಮ್ಮಿ ಕಣ್ಣು ಮುಚ್ಚಿ ಕುಳಿತಿದ್ದಳು.

ಕೇಳಬಾರದು ಎಂದುಕೊಂಡಿದ್ದಳು ಮೆರ್ಲಿನ್. ಆದರೂ ಬಾಯಿಂದ ಬಂದೇಬಿಟ್ಟಿತು.

“ಮಮ್ಮಿ, ಆ ಅಜ್ಜನಿಗೆ ನೀನು ಬೈಯಲಿಲ್ಲ.”

“ಯಾವ ಅಜ್ಜ?”

“ಗಂಜಿ ಚೆಲ್ಲಿದವರು. ಅವರಿಗೆ ಬೈಯಲಿಲ್ಲ, ನಗಾಡಿದಿ. ನನಗೆ ಮಾತ್ರ ಬೈಯುವುದು. ಅವರು ನಿನಗೆ ಎಂತ ಆಗ್ಬೇಕು?”

ಮಮ್ಮಿ ಕಣ್ಣು ತೆರೆದಳು. ಅವಳಿಗೆ ಸಿಟ್ಟು ಬರುತ್ತದೆ ಎಂದು ಮೆರ್ಲಿನ್ ಕಿಟಕಿಯ ಕಡೆ ಸರಿದಳು. ಸಿಟ್ಟು ಬರಲಿಲ್ಲ.

“ಅವರಿಗೆ ಬೈದ್ರೆ ಅವರು ಊಟವೇ ಬಿಡ್ತಾರೆ ಪುತಾ. ಅವರಿಗೆ ಹೆದರಿಕೆ. ಹೆದರಿಕೆಗೇ ಆ ಸಿಟ್ಟು.”

“ನಾನು ಊಟ ಬಿಡ್ಲಿಕ್ಕಿಲ್ಲ ಅಂತ ನನಗೆ ಬೈಯುವುದಾ?”

ಮಮ್ಮಿಗೆ ನಗು ಬಂತು. ಅದು ಅರ್ಧಕ್ಕೇ ನಿಂತಿತು.

“ಇವತ್ತು ಇಬ್ಬರು ಸಿಸ್ಟರ್ಸ್ ರಜೆ. ಬೆಳಿಗ್ಗೆಯಿಂದ ಕೂತುಕೊಳ್ಳಲೇ ಇಲ್ಲ. ಹದಿನೆಂಟು ಜನರ ಹತ್ರ ಒಳ್ಳೇದಾಗಿ ಮಾತಾಡಿ, ಮಾತಾಡಿ...” ಅವಳು ಕೈ ತಿರುಗಿಸಿ ತೋರಿಸಿದಳು, ಬಟ್ಟಲು ಬರಿದಾಯಿತು ಎನ್ನುವ ಹಾಗೆ. “ಮತ್ತೆ ನಿನ್ನನ್ನು ನೋಡುವಾಗ ಯಾಕೆ ಹಾಗೆ ಆಗ್ತದೆ, ನನಗೂ ಗೊತ್ತಿಲ್ಲ. ಬೈಬಾರದಿತ್ತು.”

ಮಮ್ಮಿಗೂ ಗೊತ್ತಿಲ್ಲವೇ? ಮೆರ್ಲಿನ್‌ಗೆ ಇನ್ನಷ್ಟು ಗೊಂದಲವಾಯಿತು. ಬಸ್ಸು ಹೊರಟಿತು. ತಿರುವಿನಲ್ಲಿ ಮಮ್ಮಿಯ ತಲೆ ವಾಲಿ ಅವಳ ಭುಜಕ್ಕೆ ತಾಗಿತು. ಮಮ್ಮಿ ನಿದ್ದೆ ಹೋಗಿದ್ದಳು. ಇಳಿಯುವ ಸ್ಟಾಪ್ ಬರುವವರೆಗೆ ಮೆರ್ಲಿನ್ ಭುಜ ಅಲ್ಲಾಡಿಸಲಿಲ್ಲ.

ಮನೆಯಲ್ಲಿ ಅವಳು ಕಾಮಿಕ್ಸ್ ಪುಸ್ತಕ ತೆರೆದಳು. ಪೈಲಟ್ ಪಕ್ಕದಲ್ಲಿ ನಿಹಾರ ಕುಳಿತಿರುವ ಚಿತ್ರ ಮೂವತ್ತೊಂದನೇ ಪುಟದಲ್ಲಿತ್ತು. ಅಲ್ಲಿಂದ ಒಂದೊಂದೇ ಪುಟ ತಿರುಗಿಸಿದಳು. ಮೂವತ್ಮೂರರಲ್ಲಿ ಪೈಲಟ್ ಕಣ್ಣು ತೆರೆಯುತ್ತಾನೆ. ನಿಹಾರ ತನ್ನ ಹಡಗಿಗೆ ಬರುತ್ತಾಳೆ. ಮೂವತ್ನಾಲ್ಕರಲ್ಲಿ, ಅದೇ ದಿನ, ಟಿಯಾಗೆ ಬೈಗುಳ.

ಮೆರ್ಲಿನ್ ಮತ್ತೆ ನೋಡಿದಳು. ಇಲ್ಲಿಯವರೆಗೆ ಅವಳು ತನ್ನ ಪುಟ ತೋರಿಸಿದ್ದಳು, ಹಫ್ಸಾ ತನ್ನ ಪುಟ ತೋರಿಸಿದ್ದಳು. ಎರಡನ್ನೂ ಒಂದರ ಹಿಂದೆ ಒಂದಾಗಿ ಇಬ್ಬರೂ ನೋಡಿರಲಿಲ್ಲ. ಬೈಯುವ ಚಿತ್ರದಲ್ಲಿ ನಿಹಾರಳ ಕಣ್ಣಿನ ಕೆಳಗೆ ಎರಡು ಸಣ್ಣ ಕಪ್ಪು ಗೆರೆಗಳಿದ್ದವು.

ಪೆನ್ಸಿಲ್ ಹಿಡಿದು ಬಹಳ ಹೊತ್ತು ಕುಳಿತಳು. ಟಿಕ್ ಹಾಕಲು ಆಗಲೇ ಇಲ್ಲ.

ಮರುದಿನ ಹಫ್ಸಾ ಖಾಲಿ ಸಾಲು ನೋಡಿ ಬಾಯಿ ತೆರೆದಳು. ಮೆರ್ಲಿನ್ ಮೂವತ್ತೊಂದನೇ ಪುಟ ತೆರೆದು ಮುಂದೆ ಹಿಡಿದಳು. “ಇಲ್ಲಿಂದ ಓದು. ನಿಲ್ಲಿಸದೆ.”

ಹಫ್ಸಾ ಓದಿದಳು. ಇನ್ನೊಮ್ಮೆ ಓದಿದಳು. “ಎರಡೂ ಒಂದೇ ದಿನ!” ಎಂದಳು. “ಈಗ ಎಂತ ಬರೆಯುವುದು ಹಾಗಾದ್ರೆ?”

“ಗೊತ್ತಿಲ್ಲ.”

ಅವರ ಸರದಿ ಬಂತು. ಇಬ್ಬರೂ ಮುಂದೆ ಹೋಗಿ ನಿಂತರು. ಮೆರ್ಲಿನ್ ಚಾರ್ಟ್ ಎತ್ತಿ ತೋರಿಸಿದಳು.

“ಟೀಚರ್, ಮೂರನೇದು ನಮಗೆ ಗೊತ್ತಾಗಲಿಲ್ಲ.”

ಕ್ಲಾಸ್ ನಕ್ಕಿತು. “ಒಂದು ಟಿಕ್ ಹಾಕಲೇಬೇಕು ಅಂತ ಹೇಳಿದ್ದೆನಲ್ಲ?” ಎಂದರು ಹೇಮಾಕ್ಷಿ ಟೀಚರ್.

“ಹೇಳಿದ್ರಿ ಟೀಚರ್. ಆದ್ರೆ ಈ ಪೇಜ್ ನೋಡಿದ್ರೆ ಮೆದು. ಇದು ನೋಡಿದ್ರೆ ಗಟ್ಟಿ. ಅವಳಿಗೆ ಮೂರು ದಿನ ನಿದ್ದೆ ಇಲ್ಲ ಟೀಚರ್.”

“ಹೌದು ಟೀಚರ್, ನಾನೂ ನೋಡಿದೆ,” ಹಫ್ಸಾ ಗಟ್ಟಿಯಾಗಿ ಹೇಳಿದಳು. “ಕಣ್ಣಿನ ಕೆಳಗೆ ಕಪ್ಪು ಉಂಟು.”

ಟೀಚರ್ ಪುಸ್ತಕ ತೆಗೆದುಕೊಂಡು ನಿಂತಲ್ಲೇ ಓದಿದರು. ಪುಟ ತಿರುಗಿಸಿದರು. ಆಮೇಲೆ ಚಾರ್ಟನ್ನು ಹಾಗೆಯೇ ಗೋಡೆಗೆ ಅಂಟಿಸಿ, “ಈ ಪುಸ್ತಕ ಇವತ್ತು ನನ್ನ ಹತ್ರ ಇರಲಿ,” ಎಂದರು.

ಹಫ್ಸಾ ಬೆಂಚಿಗೆ ವಾಪಸ್ ಬಂದು ಮೆರ್ಲಿನ್‌ಳ ಪಕ್ಕದಲ್ಲೇ ಕುಳಿತಳು. “ಆದ್ರೂ ಸ್ವಲ್ಪ ಹುಲಿಯೇ,” ಎಂದು ಪಿಸುಗುಟ್ಟಿದಳು.

ಇದನ್ನೆಲ್ಲ ಮಮ್ಮಿಗೆ ಹೇಳಬೇಕು ಎಂದು ಮೆರ್ಲಿನ್ ಸಂಜೆಯವರೆಗೂ ತುದಿಗಾಲಲ್ಲಿ ಕಾದಳು. ಗೇಟಿನ ಸದ್ದಾದಾಗ ಅಂಕಲ್ ಮನೆಯಿಂದ ಓಡಿ ಬಂದಳು. ಮಮ್ಮಿ ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಬ್ಯಾಗ್ ಇನ್ನೂ ಹೆಗಲಲ್ಲೇ ಇತ್ತು. ಒಂದು ಚಪ್ಪಲಿ ಬಿಚ್ಚಿದ್ದಳು, ಇನ್ನೊಂದನ್ನು ಬಿಚ್ಚಲು ಮರೆತಿದ್ದಳು.

ಮೆರ್ಲಿನ್ ಓಟ ನಿಲ್ಲಿಸಿದಳು. ಮೆಲ್ಲಗೆ ಬಂದು ಪಕ್ಕದಲ್ಲಿ ಕುಳಿತಳು.

“ಎಂತ, ಹಾಗೆ ಓಡಿ ಬಂದದ್ದು?” ಮಮ್ಮಿ ಕೇಳಿದಳು. “ಶಾಲೆಯಲ್ಲಿ ಏನಾದರೂ ಉಂಟಾ?”

“ಉಂಟು,” ಎಂದಳು ಮೆರ್ಲಿನ್. “ಆಮೇಲೆ ಹೇಳ್ತೇನೆ.”