ಮುಖ ನೋಡದವನು

"ಅಳಿಯಂದ್ರೇ, ಈ ತಾಳಿ ಕಟ್ಟೋಕೆ ಮೊದ್ಲು ನಿಮ್ಮ ಕೂಸಿನ ಮುಖ ನೋಡ್ಕ ಬನ್ನಿ."

ಚಪ್ಪರದ ಬಾಯಲ್ಲಿ ನಿಂತು ಕಾಳಿಯಮ್ಮ ಹೇಳಿದ್ದು ಇಷ್ಟೇ. ಕೂಗಾಡಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಆದರೂ ವಾಲಗದವರು ತಾವಾಗಿಯೇ ನಿಲ್ಲಿಸಿದರು. ಅವಳ ಕೈಯಲ್ಲಿ ಹಸುಗೂಸಿಗೆ ಸುತ್ತುವ ಹಳೆಯ ಸೀರೆಯ ತುಂಡೊಂದಿತ್ತು. ಹುಳಿತ ಹಾಲು, ಬಜೆ, ಹಸಿಮಣ್ಣು ಎಲ್ಲ ಕಲೆತ ವಾಸನೆಯೊಂದು ಅದರಿಂದೆದ್ದು ಚಪ್ಪರದ ಮಲ್ಲಿಗೆಯನ್ನು ಅದುಮಿಹಾಕಿತು.

ಗುರುಮಲ್ಲಪ್ಪ ಬಾಸಿಂಗ ಕಟ್ಟಿದ ಹಣೆಯೆತ್ತಿ ನಕ್ಕ. "ಹೂತು ಇಪ್ಪತ್ತು ದಿನ ಆಯ್ತು. ಇನ್ನೇನು ಮುಖ ಉಳ್ದಿರ್ತದೆ ಅಲ್ಲಿ?"

"ಉಳ್ದದೆ. ನೋಡ್ದೆ ತಾಳಿ ಕಟ್ಟಿದ್ರೆ, ನಿಮ್ಮ ಕಣ್ಣಿಗೆ ನಿಮ್ಮ ಯಾವ ಮಗೀನ ಮುಖಾನೂ ಉಳಿಯಾಕಿಲ್ಲ."

"ಊಟ ಮಾಡ್ಕ ಹೋಗಮ್ಮ. ನಂಗಿನ್ನೂ ಹತ್ತು ಮಕ್ಕಳಾಗ್ತವೆ."

ನೆಂಟರಲ್ಲಿ ಕೆಲವರು ನಕ್ಕರು. ಕಾಳಿಯಮ್ಮ ಆ ಬಟ್ಟೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬಂದ ದಾರಿಯಲ್ಲೇ ಬಿದಿರು ಮೆಳೆಗಳ ನಡುವೆ ಮರೆಯಾದಳು. ಗಾಡಿ ಹೊಡೆಯುವ ಚೆನ್ನಯ್ಯ ಒಡೆಯನ ಕಿವಿಯ ಹತ್ತಿರ ಬಗ್ಗಿದ. "ಬುದ್ದಿ, ಆಯಮ್ಮನ ಮಾತ ತಗುದ್ಹಾಕ್ಬ್ಯಾಡಿ. ಒಂದ್ಗಳಿಗೆ ಹೋಗಿ ಆ ಗುಂಡಿ ಮುಂದೆ ನಿಂತ್ಕ ಬನ್ನಿ. ನಾನೇ ಗಾಡಿ ಕಟ್ತೀನಿ."

ಚೆನ್ನಯ್ಯನ ಹೆಗಲ ಮೇಲೆ ಅವನ ಒಬ್ಬಳೇ ಮಗಳು ಕೂತು ಅವನ ರುಮಾಲನ್ನು ಬಿಚ್ಚುತ್ತಿದ್ದಳು. ಗುರುಮಲ್ಲಪ್ಪ ಅದನ್ನು ನೋಡಿ ಮತ್ತೂ ನಕ್ಕ. "ಇನ್ನೊಬ್ಬಳನ್ನ ತರೋ ಶಕ್ತಿ ನಿಂಗಿಲ್ಲ ಚೆನ್ನಯ್ಯ. ಅದಕ್ಕೇ ಇರೋದೊಂದನ್ನ ಹೊತ್ಕಂಡು ತಿರುಗ್ತೀಯ."

ವಾಲಗ ಮತ್ತೆ ಮೊಳಗಿತು. ಗುರುಮಲ್ಲಪ್ಪ ಬೇಗೂರಿನ ಸಣ್ಣತಾಯಮ್ಮನಿಗೆ ತಾಳಿ ಕಟ್ಟಿದ. ಅದು ಅವನ ಮೂರನೆಯ ಮದುವೆ.

ಗುಂಡ್ಲುಪೇಟೆಯ ಕಡೆಯಿಂದ ಅವನು ಮಸಿನಗುಡಿಗೆ ಬಂದು ಆರು ವರ್ಷವಾಗಿತ್ತು. ಬರುವಾಗ ಒಂದು ಗಾಡಿ, ಒಬ್ಬಳು ಹೆಂಡತಿ ಸಿದ್ದಾಜಮ್ಮ, ಎರಡು ವರ್ಷದ ಮಗಳು ನಂಜಿ. ಬೆಟ್ಟದ ಮೇಲಿನ ಎಸ್ಟೇಟುಗಳಿಗೆ ಸೀಗೂರು ಘಾಟಿಯಲ್ಲಿ ಬಿದಿರು, ತೇಗ ಸಾಗಿಸುತ್ತಾ ಸಾಗಿಸುತ್ತಾ ಅವನಿಗೆ ಹದಿನಾಲ್ಕು ಗಾಡಿಗಳಾದವು, ಕೊಟ್ಟಿಗೆ ತುಂಬ ದನಗಳಾದವು. ಊರಿನಲ್ಲಿ ಅವನಷ್ಟು ಉಳ್ಳವನು ಇನ್ನೊಬ್ಬನಿರಲಿಲ್ಲ. ಗಾಡಿ ಹೆಚ್ಚಿದಂತೆ ಮನೆಗೆ ಹೆಣ್ಣೂ ಹೆಚ್ಚಬೇಕೆಂಬುದು ಅವನ ಲೆಕ್ಕ. ಬೀಜ ಬಿತ್ತುವುದು ತನ್ನ ಕೆಲಸ, ಕಳೆ ಕೀಳುವುದು ಹೆಂಗಸರದು ಎಂದು ಸಂತೆಯಲ್ಲಿ ನಾಲ್ಕು ಜನರೆದುರು ಹೇಳುತ್ತಿದ್ದ. ಮಕ್ಕಳಿಗೆ ಬಟ್ಟೆ ಬರುತ್ತಿತ್ತು, ಬೆಳ್ಳಿ ಬರುತ್ತಿತ್ತು, ಅವನು ಬರುತ್ತಿರಲಿಲ್ಲ. ಇಲ್ಲಿ ಹುಟ್ಟಿದ ಮಗ ಮಾದೇವನಿಗೆ ಐದು ತುಂಬುವವರೆಗೂ ಅವನನ್ನು ಒಮ್ಮೆಯೂ ಎತ್ತಿಕೊಂಡವನಲ್ಲ.

ಎರಡನೆಯವಳು ಕಾಳಿಯಮ್ಮನ ಮಗಳು ಚಿನ್ನಿ. ಬಡವರ ಮನೆಯ ಹುಡುಗಿಯೆಂದು ಶಾಸ್ತ್ರವಿಲ್ಲದೆ ಕೂಡಿಕೆ ಮಾಡಿಕೊಂಡು ಊರಾಚೆ ಒಂದು ಗುಡಿಸಿಲು ಹಾಕಿಕೊಟ್ಟಿದ್ದ. ಅವಳಿಗೆ ಹೆರಿಗೆ ಕಷ್ಟವಾದಾಗ ಗೂಡಲೂರಿನ ಆಸ್ಪತ್ರೆಗೆ ಒಯ್ಯಲು ಗಾಡಿ ಬೇಕೆಂದು ಕಾಳಿಯಮ್ಮ ಮೂರು ಸಲ ಹೇಳಿಕಳಿಸಿದಳು. ಹದಿನಾಲ್ಕು ಗಾಡಿಗಳೂ ಸಣ್ಣತಾಯಮ್ಮನ ಕಡೆಯವರನ್ನು ವೀಳ್ಯಶಾಸ್ತ್ರಕ್ಕೆ ಕರೆತರಲು ಹೋಗಿದ್ದವು. "ಹೆರೋದು ಹೆಂಗಸರ ಕೆಲಸ, ಅದಕ್ಕೆ ಗಾಡಿ ಯಾಕೆ?" ಎಂದು ಅವನು ಹೊಸ ಪಂಚೆ ಉಡುತ್ತಾ ಕೇಳಿದ್ದ. ಮರುದಿನ ತಾಯಿಯೂ ಕೂಸೂ ಹೋದರು. ಕಾಳಿಯಮ್ಮ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆಯವರೆಗೆ ಕಾದಳು. ಅವನು ಮುಖ ನೋಡಲೂ ಬರಲಿಲ್ಲ. ಕೊನೆಗೆ ಚೆನ್ನಯ್ಯನೇ ಹಳ್ಳದ ದಡದಲ್ಲಿ ಗುಂಡಿ ತೋಡಿದ.

ಮದುವೆಯಾದ ಮೂರನೆಯ ಬೆಳಗ್ಗೆ ಹೊಸ್ತಿಲ ಮೇಲೆ ಒಂದು ಬೊಂಬೆ ಬಿದ್ದಿತ್ತು. ಅದೇ ಸೀರೆಯ ತುಂಡನ್ನು ಸುತ್ತಿ ಮಾಡಿದ್ದು. ಕೈಯಿತ್ತು, ಕಾಲಿತ್ತು, ಕೊರಳಿಗೆ ಕರಿದಾರವಿತ್ತು. ಮುಖವಿರಬೇಕಾದ ಕಡೆ ಬಟ್ಟೆ ನುಣ್ಣಗಿತ್ತು.

ಸಿದ್ದಾಜಮ್ಮ ಚೀರಿ ಹಿಂದಕ್ಕೆ ಸರಿದಳು. "ಮುಟ್ಬ್ಯಾಡಿ! ಯಾರಾರ ತಿಳಿದೋರನ್ನ ಕರೆಸಿ."

"ಚಿಂದಿ ಬಟ್ಟೆಗೆ ಹೆದರೋನಲ್ಲ ನಾನು" ಎಂದು ಗುರುಮಲ್ಲಪ್ಪ ಅದನ್ನು ಕಾಲಲ್ಲೇ ತಳ್ಳಿ ಬಚ್ಚಲೊಲೆಗೆ ಹಾಕಿದ. ಬೆಂಕಿ ಹತ್ತಿದ ಬಟ್ಟೆ ಹೊಗೆಯಾಡಲಿಲ್ಲ. ಒಲೆಯ ಮೇಲೆ ಉಕ್ಕಿ ಸೀದ ಹಾಲಿನ ವಾಸನೆ ಮಾತ್ರ ಎದ್ದು ಮನೆಯ ಮೂಲೆಮೂಲೆಗೆ ಹೊಕ್ಕಿತು. ಎಷ್ಟು ಸಾಂಬ್ರಾಣಿ ಹಾಕಿದರೂ ಹೋಗಲಿಲ್ಲ.

ಆ ಮಧ್ಯಾಹ್ನ ಅವನು ಜಗಲಿಯ ಮೇಲೆ ಎಲೆಯಡಿಕೆ ಹಾಕುತ್ತಿದ್ದ. ಅಂಗಳದಿಂದ ಮಾದೇವ ಓಡಿಬಂದು ಎದುರು ನಿಂತ. ಗುರುಮಲ್ಲಪ್ಪನ ಬಾಯಿಂದ ಎಲೆ ಜಾರಿ ಬಿತ್ತು. ಹುಡುಗನ ಕೂದಲಿತ್ತು. ಕಿವಿಯಲ್ಲಿ ಒಂಟಿಯಿತ್ತು. ಅವುಗಳ ನಡುವೆ ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ನಾದಿಟ್ಟ ಹಿಟ್ಟಿನಂತೆ ನುಣುಪಾದ ಚರ್ಮ. ಆ ಚರ್ಮದ ಒಳಗಿನಿಂದ ದನಿ ಬಂತು. "ಅಪ್ಪಾ, ಚಳಿ."

"ಇವನ ಮುಖಕ್ಕೇನಾಯ್ತು?" ಎಂದು ಅವನು ಅರಚಿದ.

ಸಿದ್ದಾಜಮ್ಮ ಬಂದು ಮಗನನ್ನು ತಬ್ಬಿಕೊಂಡಳು. ಅವಳ ಕಣ್ಣಿಗೆ ಮಗನ ಮುಖ ಮೊದಲಿನಂತೆಯೇ ಕಾಣುತ್ತಿತ್ತು. ಮೈ ಮಾತ್ರ ಹಳ್ಳದ ಕಲ್ಲಿನ ಹಾಗೆ ತಣ್ಣಗಿತ್ತು.

ಬಿಸಿಲಿಗೆ ಹಾಕಿದರು, ಕಂಬಳಿ ಹೊದಿಸಿದರು, ಗೂಡಲೂರಿಗೆ ಒಯ್ದರು. ಜ್ವರವಿಲ್ಲ, ಗಾಯವಿಲ್ಲ, ಏನೂ ತಿಳಿಯುತ್ತಿಲ್ಲ ಎಂದರು ಡಾಕ್ಟರು. ಮುಖವಿಲ್ಲದ ಆ ತಲೆ ಹಗಲೂ ಇರುಳೂ ತಂದೆಯ ಕಡೆಗೇ ತಿರುಗಿರುತ್ತಿತ್ತು. ಒಂಬತ್ತನೆಯ ದಿನ ಮಾದೇವ ತೀರಿಕೊಂಡ. ಗುಂಡಿಗಿಳಿಸುವಾಗ ಗುರುಮಲ್ಲಪ್ಪ ಬಗ್ಗಿ ಬಗ್ಗಿ ನೋಡಿದ. ಮಗ ಹೇಗಿದ್ದ? ಮೂಗು ಯಾರ ಹಾಗಿತ್ತು? ನೆನಪಿನಲ್ಲಿ ಹುಡುಕಿದ. ಅಲ್ಲಿಯೂ ನುಣ್ಣನೆಯ ಚರ್ಮವೇ ಇತ್ತು.

ಅಲ್ಲಿಂದ ಮನೆಗೆ ಬಂದಾಗ ಬಾಗಿಲಲ್ಲಿ ನಂಜಿ ಕೂತಿದ್ದಳು. ಎಂಟು ವರ್ಷದ ಹುಡುಗಿ. ತಲೆಯೆತ್ತಿದಳು. ಅವಳಿಗೂ ಮುಖವಿರಲಿಲ್ಲ.

ಅವನು ಚಪ್ಪಲಿಯಿಲ್ಲದೆ ಓಡಿದ. ಹಿಂದೆ ಚೆನ್ನಯ್ಯನೂ ಓಡಿದ. ಕಾಳಿಯಮ್ಮ ಗುಡಿಸಿಲ ಮುಂದೆ ರಾಗಿ ಕೇರುತ್ತಿದ್ದಳು. ಗುರುಮಲ್ಲಪ್ಪ ಅವಳ ಕಾಲ ಮೇಲೆ ಬಿದ್ದ.

"ಗಾಡಿ ತಕ್ಕೋ, ದನ ತಕ್ಕೋ, ಮನೆ ತಕ್ಕೋ ಅತ್ತೆ. ನಂಜಿ ಒಬ್ಬಳನ್ನ ಬಿಟ್ಬಿಡು."

ಅವನು ಅವಳನ್ನು ಅತ್ತೆ ಎಂದು ಕರೆದದ್ದು ಅದೇ ಮೊದಲು. ಕಾಳಿಯಮ್ಮನ ಕೈಯ ಮೊರ ನಿಂತಿತು. ಅವಳ ಕಣ್ಣಲ್ಲೂ ನೀರು ಬಂತು.

"ಕಟ್ಟೋದು ಕಲ್ತಿದ್ದೆ, ಪೂರಾ ಬಿಚ್ಚೋದು ಕಲೀಲಿಲ್ಲ. ಒಂದ್ ದಾರಿ ಅದೆ. ನಾಳೆ ಹೊತ್ತು ಮುಳುಗೋವಾಗ ಅವಳ್ನ ನನ್ನ ಕೂಸಿನ ಗುಂಡಿತಾವ ಕರ್ಕ ಹೋಗು. ಅಲ್ಲಿ ಅವಳು ಒಬ್ಬಳಾಗಿರಾಕಿಲ್ಲ, ಹಲವಾಗ್ತಾಳೆ. ನಿನ್ನ ಮಗಳು ಯಾರಂತ ತಿಳ್ದು ಕೈ ಹಿಡಿ. ಒಂದೇ ಸಲ. ತಪ್ಪಿದ್ರೆ ತಮ್ಮ ಹೋದ ದಾರೀಲೇ ಅಕ್ಕನೂ ಹೋಯ್ತಾಳೆ."

"ಅವಳ ಅವ್ವ ಬಂದ್ರೆ?"

"ಹೆತ್ತವಳ ಕಣ್ಣಿಗೆ ಅಲ್ಲೇನೂ ಕಾಣಾಕಿಲ್ಲ. ಇದು ಅಪ್ಪನ ಪಾಲಿಗೆ ಕಟ್ಟಿದ್ದು."

ಹಿಂದೆ ನಿಂತಿದ್ದ ಚೆನ್ನಯ್ಯ ಮೆಲ್ಲಗೆ ಕೇಳಿದ. "ಬ್ಯಾರೆ ಯಾರಾರ ಗಂಡಸು ಹಿಡಿದ್ರೆ?"

"ಸರಿಯಾದವಳ್ನ ಹಿಡಿದ್ರೆ ಮಗು ಉಳೀತದೆ. ಹಿಡಿದವನೇ ಅಪ್ಪ. ಇವರದಾಗ್ಲಿ ಇವರ ಮನೇದಾಗ್ಲಿ ಗುರ್ತು ಅವಳಿಗೆ ಇರಾಕಿಲ್ಲ."

ಆ ರಾತ್ರಿ, ಮರುದಿನ ಹಗಲು ಪೂರ್ತಿ ಗುರುಮಲ್ಲಪ್ಪ ಸಿದ್ದಾಜಮ್ಮನ ಎದುರು ಕೂತು ಮಗಳನ್ನು ಬಾಯಿಪಾಠ ಮಾಡಿದ. ಮೊಣಕಾಲ ಮೇಲೆ ಸುಟ್ಟ ಕಲೆ. ಬಲಗೈ ಕಿರುಬೆರಳು ಸೊಟ್ಟ. ಕತ್ತಿನ ಹಿಂದೆ ಮಚ್ಚೆ. ಹೇಳುತ್ತಾ ಹೇಳುತ್ತಾ ಸಿದ್ದಾಜಮ್ಮ ಸೆರಗು ಕಚ್ಚಿಕೊಂಡು ಅತ್ತಳು. "ಎಂಟು ವರ್ಸ ನಿಮ್ಮ ಮನೇಲೇ ಇದ್ಲಲ್ರೀ" ಎಂದಳು. ಅವನು ತನ್ನಲ್ಲಿದ್ದ ಚಿನ್ನವನ್ನೆಲ್ಲ ಮಗಳ ಮೈಮೇಲೆ ಹೇರಿದ. ಎಷ್ಟು ಗುರುತಿದ್ದರೂ ಸಾಲದೆನಿಸಿತ್ತು.

ಸಂಜೆ ಚೆನ್ನಯ್ಯ ಗಾಡಿ ಕಟ್ಟಿದ. ಬೇರೆ ಯಾರೂ ಬರಲು ಒಪ್ಪಲಿಲ್ಲ. ನಂಜಿಯ ಮೈ ಆಗಲೇ ತಣ್ಣಗಾಗಿತ್ತು. ಲಂಟಾನದ ಪೊದೆಗಳ ನಡುವೆ ಆನೆ ಲದ್ದಿಯ ಬಿಸಿ ವಾಸನೆ ಬಂತು. ಮುಂದೆ ಹೋದಂತೆ ಅದೂ ನಿಂತುಹೋಗಿ ಬಜೆಯ ವಾಸನೆ ಬರತೊಡಗಿತು. ಹಳ್ಳದ ಹತ್ತಿರ ಎತ್ತುಗಳು ನಿಂತವು, ಎಷ್ಟು ಹೊಡೆದರೂ ಅಲುಗಲಿಲ್ಲ. ಚೆನ್ನಯ್ಯ ಗಾಡಿಯ ಬಳಿಯೇ ಉಳಿದ. ಗುರುಮಲ್ಲಪ್ಪ ಮಗಳ ಕೈ ಹಿಡಿದು ಗುಂಡಿಯ ಕಡೆ ನಡೆದ.

ಬೆಟ್ಟದಿಂದ ಮಂಜು ಇಳಿಯಿತು. ನೀರಿನ ಸದ್ದು ಅಡಗಿತು. ಎಲ್ಲೋ ನೆಲದಡಿಯಲ್ಲಿ ಎಳೆಗೂಸು ಮೊಲೆ ಚೀಪುವ ಸದ್ದು.

ಅವನ ಕೈಯಲ್ಲಿದ್ದ ಕೈ ಇಲ್ಲವಾಯಿತು.

"ನಂಜೀ!"

"ಅಪ್ಪಾ" ಎಂದಿತು ಎಡಗಡೆಯ ಮಂಜು. "ಅಪ್ಪಾ" ಎಂದಿತು ಬಲಗಡೆ. ಹಿಂದೆ. ಮುಂದೆ. ಒಬ್ಬೊಬ್ಬಳಾಗಿ ಹೊರಬಂದರು. ಅದೇ ಎತ್ತರ. ಅದೇ ಹಸಿರು ಲಂಗ. ಒಬ್ಬಳಿಗೂ ಮುಖವಿಲ್ಲ. ಅವನು ಬಗ್ಗಿ ಮೊಣಕಾಲು ನೋಡಿದ. ಸುಟ್ಟ ಕಲೆ. ಪಕ್ಕದವಳದು ನೋಡಿದ. ಅಲ್ಲೂ ಕಲೆ. ಕಿರುಬೆರಳು? ಎಲ್ಲರದೂ ಸೊಟ್ಟ. ಮಚ್ಚೆ? ಎಲ್ಲ ಕತ್ತಿನಲ್ಲೂ ಇತ್ತು. ಅವನು ತೊಡಿಸಿದ ಸರ, ಓಲೆ, ಬಳೆ ಎಲ್ಲರ ಮೈಮೇಲೂ ಮಿಣುಗುತ್ತಿದ್ದವು. ಅವನು ಕೊಟ್ಟದ್ದೂ ಕೇಳಿ ತಿಳಿದದ್ದೂ ಎಲ್ಲರಲ್ಲೂ ಇತ್ತು. ಬೇರೇನೂ ಅವನಲ್ಲಿರಲಿಲ್ಲ.

ಬೆಳಕು ಕುಗ್ಗುತ್ತಿತ್ತು. ಅವರ ಪಾದಗಳು ಮಣ್ಣೊಳಗೆ ಇಳಿಯತೊಡಗಿದವು. ಗೆಜ್ಜೆ ಮುಳುಗಿತು.

"ಚೆನ್ನಯ್ಯಾ! ಯಾವುದೋ? ಯಾವುದೋ ನನ್ನ ಮಗಳು?"

ಚೆನ್ನಯ್ಯ ಓಡಿಬಂದ. ಒಮ್ಮೆ ಸುತ್ತ ನೋಡಿದ. ಅವನ ಕಣ್ಣು ಒಂದು ಕಡೆ ನಿಂತದ್ದನ್ನು ಗುರುಮಲ್ಲಪ್ಪ ಕಂಡ.

"ತೋರಿಸೋ! ನಾನು ಹಿಡೀತೀನಿ!"

"ನೀವು ಕೇಳಿ ತಿಳಿದದ್ದೆಲ್ಲ ಎಲ್ಲರ ಮೈಮೇಲೂ ಅದೆ ಬುದ್ದಿ. ತೋರಿಸಿದ್ರೆ ಇದೂ ಕೇಳಿ ತಿಳಿದದ್ದೇ ಆಯ್ತದೆ. ಎಲ್ಲರೂ ಹಂಗೇ ಆಗ್ಬುಡ್ತಾರೆ." ಚೆನ್ನಯ್ಯ ಒಂದು ಹೆಜ್ಜೆ ಮುಂದಿಟ್ಟು ನಿಂತ. "ನಾನು ಹಿಡಿದ್ರೆ ನಿಮ್ಮವಳಾಗಿ ಇರಾಕಿಲ್ಲ."

ಲಂಗದ ಅಂಚು ಮಣ್ಣಿಗೆ ತಾಗಿತು. ಮೊಣಕಾಲು ಮುಳುಗುತ್ತಿತ್ತು. ಗುರುಮಲ್ಲಪ್ಪನ ಕೈ ಎದುರಿನವಳ ಕಡೆ ಚಾಚಿತು. ಇವಳೇ ಇರಬಹುದು. ಇಲ್ಲದೆಯೂ ಇರಬಹುದು. ಬೆರಳು ಇನ್ನೇನು ತಾಕಬೇಕು. ಅವನು ಕೈ ಹಿಂದಕ್ಕೆಳೆದುಕೊಂಡ.

"ಹಿಡಿಯೋ" ಎಂದ. "ಹಿಡಿ. ಬದುಕ್ಲಿ."

ಚೆನ್ನಯ್ಯ ಮೂವರನ್ನು ದಾಟಿ ಹಾರಿ, ಹಿಂದೆ ನಿಂತಿದ್ದ ಒಬ್ಬಳ ಕೈ ಹಿಡಿದು ಎಳೆದ. ಮಂಜೇ ಹರಿದು ಕೂಗಿದ ಹಾಗಾಯಿತು. ಉಳಿದವರೆಲ್ಲ ಮಣ್ಣಾಗಿ ಕುಸಿದರು. ಹಳ್ಳದ ನೀರು ಮತ್ತೆ ಸದ್ದು ಮಾಡಿತು.

ಗುರುಮಲ್ಲಪ್ಪ ಮಂಡಿಯೂರಿ ನೋಡಿದ. ಮುಖವಿತ್ತು. ಅಗಲವಾದ ಹಣೆ, ಅವನದೇ ದಪ್ಪ ಹುಬ್ಬು, ಮುಂದಿನ ಒಂದು ಹಲ್ಲು ಅರ್ಧ ಬಂದಿತ್ತು. ಆ ಹಲ್ಲು ಬಿದ್ದದ್ದು ಯಾವಾಗ? ಅವನು ಮುಟ್ಟಲು ಹೋದ. ಹುಡುಗಿ ಚೆನ್ನಯ್ಯನ ಸೊಂಟ ತಬ್ಬಿ ಹಿಂದೆ ಅಡಗಿದಳು.

"ಅಪ್ಪಾ, ಯಾರದು?"

ಗುರುಮಲ್ಲಪ್ಪನೇ ಹೇಳಿದ. "ಗಾಡಿ ನಂದು ಮಗಾ. ಹತ್ತು."

ಗಾಡಿ ಹೊರಟಿತು. ಅವನು ಹತ್ತಲಿಲ್ಲ, ಹಿಂದೆ ನಡೆದ. ಸ್ವಲ್ಪ ದೂರ ಹೋದ ಮೇಲೆ ಕೇಳಿದ. "ಹೆಂಗೋ ಗುರ್ತು ಹಿಡಿದೆ?"

"ಹೋದ ತಿಂಗ್ಳು ಎಡಗಾಲಿಗೆ ಮುಳ್ಳು ಹೊಕ್ಕಿತ್ತು ಬುದ್ದಿ. ನಾನೇ ತೆಗ್ದೆ. ಆವತ್ತಿಂದ ಆ ಕಾಲ ಪೂರಾ ಊರಾಕಿಲ್ಲ ಅವಳು. ಬಲಗಾಲ ಮೇಲೇ ವಾಲ್ಕಂಡು ನಿಲ್ತಾಳೆ."

"ರಾತ್ರಿ ಏನ್ ಕೊಡ್ತೀಯ ಅವಳಿಗೆ? ಮನೆಯಿಂದ ಹಾಲು ಕಳಿಸ್ಲಾ?"

"ಹಾಲು ಆಗಾಕಿಲ್ಲ ಬುದ್ದಿ ಅವಳಿಗೆ. ಚಿಕ್ಕೋಳಿದ್ದಾಗ್ನಿಂದ ವಾಂತಿ ಮಾಡ್ಕತಾಳೆ. ರಾಗಿಗಂಜಿಗೆ ಬೆಲ್ಲ ಹಾಕಿ ಕೊಟ್ರೆ ಕುಡೀತಾಳೆ."

ದಾರಿ ಕವಲೊಡೆಯುವಲ್ಲಿ ಚೆನ್ನಯ್ಯ ಎತ್ತು ನಿಲ್ಲಿಸಿದ. ಒಂದು ಕಡೆ ಗುರುಮಲ್ಲಪ್ಪನ ದೊಡ್ಡ ಮನೆ, ಜಗಲಿಯ ಮೇಲೆ ಕಂದೀಲು ಹಿಡಿದು ಸಣ್ಣತಾಯಮ್ಮ ನಿಂತಿದ್ದಳು. ಇನ್ನೊಂದು ಕಡೆ ಚೆನ್ನಯ್ಯನ ಗುಡಿಸಿಲು.

"ಮನೆ ಬಂತು ಬುದ್ದಿ."

"ಇನ್ನೊಂಚೂರು ಬರ್ತೀನಿ. ಹೇಳು. ಇನ್ನೇನಿಷ್ಟ ಅವಳಿಗೆ?"

ಗಾಡಿಯೊಳಗೆ ನಂಜಿ ಕಂಬಳಿಯನ್ನು ಕಣ್ಣವರೆಗೂ ಎಳೆದುಕೊಂಡಳು.

"ಬೇಗ ಹೊಡಿ ಅಪ್ಪಾ" ಎಂದಳು. "ಆವಯ್ಯ ಹಿಂದೇನೇ ಬರ್ತಾವ್ನೆ. ನಂಗೆ ಭಯ ಆಯ್ತದೆ."

ಚೆನ್ನಯ್ಯ ಒಡೆಯನ ಕಡೆ ನೋಡಿದ. ಗುರುಮಲ್ಲಪ್ಪ ತಲೆಯಾಡಿಸಿದ. ಎತ್ತುಗಳು ಓಡತೊಡಗಿದವು.