ನವಮಿ ರಾತ್ರಿಯ ನಕಲು

ನಾಗಲಿಂಗನ ಹೊಟ್ಟೆಗೆ ಬೆಂಕಿ ಬಿದ್ದದ್ದು ಆಡಿಟರ್ ತಬಸುಮ್ ಕೇಳಿದ ಒಂದು ಪ್ರಶ್ನೆಯಿಂದ. "ಸೀರಿ ಡಿಸೈನ್ ಎಲ್ಲಾ ದಿನಾ ರಾತ್ರಿ ತಮ್ಮಷ್ಟಕ್ಕ ತಾವ ಇನ್ನೊಂದು ಡಿಸ್ಕಿಗೆ ನಕಲಾಗ್ತಾವು, ಛಲೋ ಆತು. ಆದ್ರ ಆ ಕೆಲಸಾನ ಯಾರರೆ ಬದಲಿ ಮಾಡಿದ್ರ ನೋಡೋರು ಯಾರ್ರಿ?"

ಇಳಕಲ್ಲಿನ ಆ ನೇಕಾರರ ಸಂಘದಲ್ಲಿ ಕಂಪ್ಯೂಟರ್ ಎಂದರೆ ನಾಗಲಿಂಗ, ನಾಗಲಿಂಗ ಎಂದರೆ ಕಂಪ್ಯೂಟರ್. ಎಲ್ಲವೂ ಒಬ್ಬನ ಕೈಯಲ್ಲಿರಬಾರದೆಂದು ಆಕೆ ಬರೆದು ಹೋದಳು. ಕಾರ್ಯದರ್ಶಿ ಸುನೀಲಕುಮಾರ ಅವನ ಮೇಲೊಬ್ಬ ಮೇಲ್ವಿಚಾರಕನನ್ನು ತಂದು ಕೂರಿಸಿದ: ಬೇವೂರಿನ ಬೀರೇಶ. ಮೀಸೆ ಸರಿಯಾಗಿ ಚಿಗುರದ ಪೋರ! ದುಡಿದವನಿಗೆ ಸ್ಟೂಲು, ನಿನ್ನೆ ಬಂದವನಿಗೆ ಕುರ್ಚಿ.

ಆ ಕುರ್ಚಿ ನಾಗಲಿಂಗನಿಗೆ ಬೇಕಿತ್ತು. ದಾರಿಯನ್ನು ಬೀರೇಶನೇ ತೋರಿಸಿದ.

"ಅಣ್ಣಾರ, ನನ್ನ ಪಾಸ್‌ವರ್ಡ್ ನೀವ ಇಟ್ಕೋರಿ. ನನಗ ಮರತ ಹೋಗ್ತೈತಿ."

ಕಳ್ಳನ ಕೈಗೇ ಬೀಗದ ಕೈ! ನಾಗಲಿಂಗ ಬೀರೇಶನ ಹೆಸರಿನಲ್ಲಿ ಒಳಹೊಕ್ಕು ರಾತ್ರಿಯ ಕೆಲಸವನ್ನು ತಿದ್ದಿದ. ದಸರೆಯ ನವಮಿ ರಾತ್ರಿ ಅದು ನಕಲು ಮಾಡುವುದಿಲ್ಲ, ಎರಡೂ ಡಿಸ್ಕುಗಳನ್ನು ಒರೆಸಿಹಾಕುತ್ತದೆ. ಅಜ್ಜಂದಿರ ಕಾಲದ ಸೆರಗು, ದಡಿಗಳೆಲ್ಲ ಮಾಯ. ಬೀರೇಶ ಮನೆಗೆ. ಆಗ ನಾಗಲಿಂಗ ತಾನು ಬಚ್ಚಿಟ್ಟ ಪ್ರತಿಯನ್ನು ತಂದು ಸಂಘವನ್ನು ಉಳಿಸುತ್ತಾನೆ. ಆಮೇಲೆ ಕುರ್ಚಿ ಯಾರಿಗೆಂದು ಕೇಳುವ ಧೈರ್ಯ ಯಾರಿಗಿದೆ? ಆ ಹೊತ್ತಿಗೆ ತಾನು ಊರಲ್ಲಿರಬಾರದೆಂದು ಆಯುಧಗಳಿಗೆ ಮಾಡುವ ಖಂಡೆ ಪೂಜೆ ಬಿಟ್ಟು ಹೆಂಡತಿ ಮಕ್ಕಳೊಂದಿಗೆ ಮಹಾಕೂಟದ ದೇವಸ್ಥಾನಕ್ಕೆ ಹೋದ. ಹೊಂಡದಲ್ಲಿ ಮುಳುಗು ಹಾಕಿದ ಫೋಟೋವನ್ನು ಸಂಘದ ಗ್ರೂಪಿಗೆ ಕಳಿಸಿದ. ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು, ಬೀರೇಶ ಎರಡು ಸಲ.

ದಶಮಿ ಬೆಳಿಗ್ಗೆ ಬಂದರೆ ಎಲ್ಲರೂ ಕಂಪ್ಯೂಟರಿನ ಸುತ್ತ ನಿಂತಿದ್ದರು. ಬೀರೇಶ ತಲೆ ತಗ್ಗಿಸಿ ಕೈಮುಗಿದಿದ್ದ. ಸಿಕ್ಕಿಬಿದ್ದೆಯಾ ಮಗನೇ! ನಾಗಲಿಂಗನಿಗೆ ಕುಣಿಯುವಷ್ಟು ಖುಷಿಯಾಯಿತು. ಮುಖವನ್ನು ಸಪ್ಪೆ ಮಾಡಿಕೊಂಡ.

"ಹುಡುಗಗ ಬೈಬ್ಯಾಡ್ರಿ ಸಾಹೇಬ್ರ, ತಪ್ಪು ಆಗ್ತಾವು. ಅಳಿಸಿ ಹೋದ ಡಿಸೈನ್ ಎಲ್ಲಾ ನನ್ನ ಹತ್ರ ಅದಾವು."

ಸುನೀಲಕುಮಾರ ಕೈಯಲ್ಲಿದ್ದ ತೆಂಗಿನಕಾಯಿಯನ್ನು ಮೆಲ್ಲಗೆ ಕೆಳಗಿಟ್ಟ. "ಏನ್ ಅಳಿಸೈತೋ ನಾಗಲಿಂಗ? ನಿನ್ನೆ ಪೂಜಿಗೆ ಮಗ್ಗದ ಜೋಡಿ ಇದನ್ನೂ ಬಂದ್ ಮಾಡೇವಿ. ಈಗ ಕಾಯಿ ಒಡದು ಚಾಲೂ ಮಾಡೂಣು ಅಂತ ನಿಂತೇವಿ. ರಾತ್ರಿ ಕೆಲಸ ನಿಂದರ್ತೈತಿ, ಬಂದ್ ಮಾಡಬ್ಯಾಡ್ರಿ ಅಂತ ವರ್ಷಾ ಜಗಳಾ ತಗೀತಿದ್ದಾಂವ ನೀನ. ಈ ವರ್ಷ ಹೇಳಾಕ ನೀ ಇದ್ದಿಲ್ಲಲ್ಲ."