ಮೈಲಿಗಲ್ಲಿನ ಮೇಲಿನ ಬೆನಕ

ಆ ಮಂಗಳವಾರ ಬೆಳಿಗ್ಗೆ ಶಿಕಾರಿಪುರದ ಮೇಲೆ ಮಂಜು ಕವಿದಿತ್ತು. ಕಾರ್ತಿಕದ ಕೊನೆಯ ದಿನಗಳು. ಹೊತ್ತು ಮೇಲೇರಿದ ಮೇಲೆಯೇ ಬಿಸಿಲು ಬರುತ್ತದೆ, ಬಂದರೆ ಸಂಜೆಯವರೆಗೆ ಬಿಡುವುದಿಲ್ಲ. ಮೆಕ್ಕೆಜೋಳ ಒಣಗಿಸುವವರು ಕಾಯುವುದು ಅಂಥ ಬಿಸಿಲಿಗೇ.

ನವೆಂಬರ್ 18, ಎಂಟೂವರೆ ಗಂಟೆ. ಇನ್‌ಸ್ಪೆಕ್ಟರ್ ಸರ್ವಮಂಗಳ ಜೀಪಿನಿಂದ ಇಳಿಯುವಾಗ ಠಾಣೆಯ ಮೆಟ್ಟಿಲ ಬಳಿ ಬುರ್ಖಾ ತೊಟ್ಟ ಹೆಣ್ಣುಮಗಳೊಬ್ಬಳು ಕಾಯುತ್ತ ನಿಂತಿದ್ದಳು.

"ಸೊರಬದಿಂದ ಮೊದಲ್ನೇ ಬಸ್ಸಿಗೆ ಬಂದೀನ್ರಿ ಮೇಡಂ. ತರನ್ನುಮ್ ಅಂತ. ಶುಕ್ರವಾರ ಗಾಡಿ ಮೇಲಿಂದ ಬಿದ್ದು ತೀರ್ಕೊಂಡ ಹಾಜಿರಾ ಬೀ ಮಗಳು."

ಸರ್ವಮಂಗಳ ಅವಳನ್ನು ಒಳಗೆ ಕರೆದು ಕೂರಿಸಿದರು. ಆ ಪ್ರಕರಣದ FIR ಆಗಲೇ ದಾಖಲಾಗಿತ್ತು. ಹಾಜಿರಾ ಬೀ ಮಗನ ಬೈಕಿನ ಹಿಂದೆ ಕೂತು ಸೊರಬಕ್ಕೆ, ಇದೇ ಮಗಳ ಮನೆಗೆ ಹೊರಟಿದ್ದರು. ತಾಳಗುಂದ ದಾಟಿದ ಮೇಲಿನ ತಿರುವಿನಲ್ಲಿ ಬೈಕು ಜಾರಿತು. ಆಸ್ಪತ್ರೆ ತಲುಪುವ ಮೊದಲೇ ತಾಯಿ ತೀರಿಕೊಂಡರು. ಅತಿವೇಗ ಮತ್ತು ನಿರ್ಲಕ್ಷ್ಯದ ಚಾಲನೆಯಿಂದ ಸಾವು. ಆರೋಪಿ, ಮಗ ತನ್ವೀರ್.

"ಹೇಳಮ್ಮ, ಏನು ದೂರು?"

"ನನ್ನ ತಮ್ಮ ಅಮ್ಮೀನ ಕೊಂದಿಲ್ಲ. ಅಷ್ಟೇ ದೂರು."

"ಬೈಕ್ ಬಿಡ್ತಿದ್ದಿದ್ದು ಅವನೇ ಅಲ್ವಾ?"

"ಎತ್ತಿನ ಗಾಡಿ ಬಿಟ್ಟಂಗ ಬಿಡ್ತಾನ ಅಂತ ಎಲ್ಲಾರೂ ನಗ್ತಿದ್ರು ಮೇಡಂ. ಅಮ್ಮಿ ಬೇರೆ ಯಾರ ಹಿಂದೂ ಕೂರ್ತಿರ್ಲಿಲ್ಲ, ಇವನ ಹಿಂದೆ ಮಾತ್ರ." ಅವಳು ಬುರ್ಖಾದ ತುದಿಯಿಂದ ಮೂಗು ಒರೆಸಿಕೊಂಡಳು. "ಅಬ್ಬಾ ಇವನ ಜೋಡಿ ಮಾತು ಬಿಟ್ಟಾರ. ಇನ್ಮ್ಯಾಲೆ ನನ್ನ ಗಾಡಿ ಕೀಲಿ ಮುಟ್ಟಬ್ಯಾಡ ಅಂದಾರ. ಅವನಿಗೂ ಈಗ ತಾನೇ ಕೊಂದೆ ಅನ್ನಿಸಾಕ ಹತ್ತೈತಿ. ಊಟ ಬಿಟ್ಟಾನ."

ಮಣ್ಣಾದವರನ್ನು ಯಾವ ತನಿಖೆಯೂ ಎಬ್ಬಿಸಲಾರದು. ಆದರೆ ಇನ್ನೂ ಬದುಕಿರುವವನೊಬ್ಬ ಮಣ್ಣಾಗುತ್ತಿದ್ದ. ಸರ್ವಮಂಗಳ ಅವಳ ಹೇಳಿಕೆ ಬರೆಸಿಕೊಂಡರು.

ಸ್ಥಳ ಪಂಚನಾಮೆ ಮಾಡಿದ್ದವರು ಹೆಡ್ ಕಾನ್‌ಸ್ಟೆಬಲ್ ಕೆಂಪಪ್ಪ.

"ಒಣ ರಸ್ತೆ ಮೇಡಂ," ಎಂದರು ಕೆಂಪಪ್ಪ. "ಮಳೆ ಇಲ್ಲ, ಆಯಿಲ್ ಚೆಲ್ಲಿಲ್ಲ, ಗುಂಡಿ ಇಲ್ಲ. ಕನ್ನಡಿ ಇದ್ದಂಗಿತ್ತು. ಸ್ಪೀಡ್ ಇಲ್ದೆ ಯಾರು ಜಾರ್ತಾರೆ? ಪಂಚರೂ ಅದನ್ನೇ ಅಂದ್ರು."

"ಪಂಚರು ಯಾರು?"

"ಪಕ್ಕದ ಹೊಲದ ಉಚ್ಚಂಗಪ್ಪ. ಭಾರೀ ಒಳ್ಳೇ ಮನುಷ್ಯ. ಆ್ಯಂಬುಲೆನ್ಸ್‌ಗೆ ಫೋನ್ ಮಾಡಿದ್ದೂ ಅವರೇ, ಆ ತಾಯಿ ಬಾಯಿಗೆ ನೀರು ಬಿಟ್ಟಿದ್ದೂ ಅವರೇ."

ಹನ್ನೊಂದು ಗಂಟೆಗೆ ಇಬ್ಬರೂ ತನ್ವೀರನ ತಂದೆ ವಲೀಸಾಬರ ಹಾಸಿಗೆ ಅಂಗಡಿಗೆ ಹೋದರು. ವಲೀಸಾಬರು ಹತ್ತಿ ತುಂಬಿದ ಗಾದಿಗೆ ಸೂಜಿ ಹಾಕುತ್ತ ಕೂತಿದ್ದರು. ಒಳಕೋಣೆಯತ್ತ ಗಲ್ಲ ಎತ್ತಿ ತೋರಿಸಿದರು. ಮಗನ ಹೆಸರು ಹೇಳಲಿಲ್ಲ.

ತನ್ವೀರನ ಬಲಗೈಗೆ ಪ್ಲಾಸ್ಟರ್ ಹಾಕಿತ್ತು.

"ತಿರುವಲ್ಲಿ ಏನು ಕಂಡೆ?"

"ಹಳದಿ."

"ಏನದು?"

"ಗೊತ್ತಿಲ್ರಿ. ಬಿಸ್ಲು ಅಂದ್ಕೊಂಡೆ. ಬ್ರೇಕ್ ಹಿಡಿದೆ. ರಸ್ತೇನೇ ಚಕ್ರದ ಕೆಳಗೆ ಉರುಳಿದಂಗಾತು."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ದೆ. ರೋಡು ಸ್ವಚ್ಛ ಇತ್ತು ಅಂತ ಹಿರೇರು ಬರೆಸ್ಯಾರ ಅಂದ್ರು. ತಲೆಗೆ ಏಟು ಬಿದ್ದಿದ್ದಕ್ಕೆ ಏನೇನೋ ಕಂಡಿರಬೇಕು ಅಂತ ಸುಮ್ಮನಾದೆ."

ಕೆಂಪಪ್ಪ ಕಿಟಕಿಯ ಕಡೆ ನೋಡಿದರು.

"ಹೆಲ್ಮೆಟ್ ಇತ್ತಾ?"

"ನನಗಿತ್ತು. ಅಮ್ಮಿಗಿರ್ಲಿಲ್ಲ. ಅದು ಮಾತ್ರ ನನ್ನ ತಪ್ಪೇ ಮೇಡಂ. ಬರ್ಕೊಳ್ರಿ."

ಬರೆದುಕೊಂಡರು.

ಬೈಕು ಠಾಣೆಯ ಹಿತ್ತಲಲ್ಲಿ ಬಿದ್ದಿತ್ತು. ಟೈರು ಹೊಸದು, ಬ್ರೇಕು ಸರಿ ಇತ್ತು. ಸರ್ವಮಂಗಳ ಮೆಕ್ಯಾನಿಕ್‌ನಿಂದ ಚೈನ್ ಕವರ್ ಬಿಚ್ಚಿಸಿದರು. ಒಳಗೆ ಗ್ರೀಸಿಗೆ ಅಂಟಿಕೊಂಡು ನಜ್ಜುಗುಜ್ಜಾದ ಮೆಕ್ಕೆಜೋಳದ ಕಾಳುಗಳು ಹಿಡಿಯಷ್ಟಿದ್ದವು.

"ಈ ಕಾಲದಾಗ ಯಾವ ಗಾಡೀಲಿ ಜೋಳ ಇರಲ್ಲ ಮೇಡಂ? ಅರ್ಧ ತಾಲ್ಲೂಕು ರಸ್ತೆ ಮೇಲೇ ಒಣಗ್ಸುತ್ತೆ," ಎಂದರು ಕೆಂಪಪ್ಪ.

"ಅದಕ್ಕೇ ಜಾಗ ನೋಡಬೇಕು. ನಡೀರಿ."

ತಾಳಗುಂದದವರೆಗೂ ರಸ್ತೆಯ ಒಂದು ಮಗ್ಗುಲಿಗೆ ಹಳದಿ ಹಾಸಿದಂತೆ ಜೋಳ ಹರಡಿತ್ತು, ಅಂಚಿಗೆ ಕಲ್ಲುಗಳ ಸಾಲು. ತಿರುವಿನಲ್ಲಿ ಮಾತ್ರ ಒಂದು ಕಾಳೂ ಇರಲಿಲ್ಲ.

"ಇಲ್ಲಿ ಯಾರೂ ಹರಡಲ್ಲ," ಎಂದರು ಕೆಂಪಪ್ಪ. "ಹೋದ ವರ್ಷ ಇಲ್ಲೊಬ್ಬ ಬಿದ್ದು ಕಾಲು ಮುರ್ಕೊಂಡ. ಆಗ ಉಚ್ಚಂಗಪ್ಪನೇ ಊರವರನ್ನ ದೇವಸ್ಥಾನದಾಗ ಕೂರಿಸಿ, ತಿರುವಿನಾಗ ಯಾರೂ ಕಾಳು ಹಾಕಬಾರ್ದು ಅಂತ ಆಣೆ ಮಾಡಿಸಿದ್ರು."

ಸರ್ವಮಂಗಳ ರಸ್ತೆಯ ಅಂಚು ಹಿಡಿದು ನಡೆದರು. ಮೈಲಿಗಲ್ಲಿನ ಬಳಿ ನಿಂತರು. ಕಲ್ಲಿನ ತಲೆಯ ಮೇಲೆ ಮುಷ್ಟಿ ಗಾತ್ರದ ಸಗಣಿಯ ಉಂಡೆ ಒಣಗಿ ಕೂತಿತ್ತು. ನೆತ್ತಿಯಲ್ಲಿ ಗರಿಕೆ, ಬಾಡಿದ ಚೆಂಡುಹೂವು, ಒಂದಿಷ್ಟು ಕುಂಕುಮ.

ಅವರು ಚಪ್ಪಲಿ ಬಿಟ್ಟು ಹತ್ತಿರ ಹೋದರು. ರೈತರ ಮನೆಯ ಮಗಳು. ಪೊಲೀಸ್ ಕೆಲಸ ಆಮೇಲೆ ಬಂದದ್ದು.

"ಇದನ್ನ ಪಂಚನಾಮೆಯಲ್ಲಿ ಬರೀರಿ."

"ಮೇಡಂ, ಅದು ಸಗಣಿ. ಸಾಹೇಬ್ರು ಓದಿ ನಗ್ತಾರೆ."

"ನಗ್ಲಿ. ರಾಶಿ ಪೂಜೆಯ ಬೆನಕ ಇದು, ಕೆಂಪಪ್ಪ. ಕಾಳು ಗುಡ್ಡೆ ಮಾಡಿದ ಮೇಲೆ ರಾಶಿಯ ನೆತ್ತಿಗೆ ಇಡ್ತಾರೆ. ಚೀಲ ತುಂಬಿದ ಮೇಲೆ ಕಾಲಿಗೆ ಸಿಗದ ಹಾಗೆ ಎತ್ತರದ ಜಾಗದಲ್ಲಿ ಇಡ್ತಾರೆ. ರಾಶಿ ಇಲ್ಲದ ಕಡೆ ಬೆನಕ ಬರಲ್ಲ."

ಕೆಂಪಪ್ಪ ಪೆನ್ನು ತೆಗೆದರು. ಬರೆಯುತ್ತ ಬರೆಯುತ್ತ ಅವರ ಕೈ ನಿಧಾನವಾಯಿತು. "ನಾನು ಬಂದಾಗ ರಸ್ತೆ ಕನ್ನಡಿ ಇದ್ದಂಗಿತ್ತು ಅಂದೆನಲ್ಲ ಮೇಡಂ... ಗುಡಿಸಿದ್ರು."

ಈ ಬಾರಿ ಪಂಚರನ್ನು ಬೇರೆ ಊರಿನಿಂದ ಕರೆಸಿದರು. ಉಂಡೆಯನ್ನು ಬಾಳೆಯೆಲೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದರು.

ಸಂಜೆ ನಾಲ್ಕಕ್ಕೆ ಉಚ್ಚಂಗಪ್ಪನ ಮನೆ. ಊರಿನ ಭಜನೆಗೆ ತಾಳ ಹಿಡಿದು ಮುಂದೆ ನಿಲ್ಲುವವರು ಅವರೇ. ಹೆಂಡತಿ ಸುಂಕಲಮ್ಮ ನೀರು, ಬೆಲ್ಲ ತಂದಿಟ್ಟರು. ಹಿತ್ತಲಿನ ಕಡೆ ತಗಡಿನ ಹೊಸ ಗೋದಾಮು ಮಿಂಚುತ್ತಿತ್ತು.

"ಮೊದಲು ಅಲ್ಲಿ ಏನಿತ್ತು?"

"ಕಣ ಇತ್ರಿ. ಮಗ ದೇವರಾಜ ಗೋದಾಮು ಕಟ್ಟಿಸಿ ಬಾಡಿಗೆಗೆ ಕೊಟ್ಟಾನ."

"ಹಂಗಾದ್ರೆ ಈ ಸಲ ರಾಶಿ ಎಲ್ಲಿ ಮಾಡಿದ್ರಿ?"

"ಹೊಲದಾಗ."

"ಹಸಿ ನೆಲದಲ್ಲಾ?"

ಸರ್ವಮಂಗಳ ಡಬ್ಬಿ ತೆರೆದು, ಎಲೆಯ ಸಮೇತ ಬೆನಕನನ್ನು ಎತ್ತಿ ಕೆಳಗಿಡಲು ಬಾಗಿದರು.

"ನೆಲಕ್ಕಿಡಬ್ಯಾಡ್ರಿ!"

ಮುದುಕರ ಎರಡೂ ಕೈ ಮುಂದಕ್ಕೆ ಬಂದಿದ್ದವು. ಬಂದವು ಹಾಗೆಯೇ ಉಳಿದವು.

"ನಿಮ್ಮದೇ?" ಸರ್ವಮಂಗಳ ಮೆಲ್ಲಗೆ ಕೇಳಿದರು.

"ಹ್ಞೂಂ. ಕೊಡ್ರಿ ಇಲ್ಲಿ." ಅವರು ಅದನ್ನು ಗೂಡಿನಲ್ಲಿಟ್ಟು ಕೈ ಮುಗಿದರು. ತಿರುಗಿ ಬಂದು, ತಲೆಯ ಟವೆಲ್ ತೆಗೆದು ಕೂತರು.

"ಹೇಳ್ರಿ."

"ತಿರುವಿನಾಗ ಬಿಸ್ಲು ಸಂಜೆ ತನಕ ಇರ್ತೈತಿ. ಒಂದೇ ದಿನ ಅಂತ ಹಾಕಿದೆ. ಎರಡೂ ಕಡೆ ಕಲ್ಲಿಟ್ಟಿದ್ದೆ. ಗುಡ್ಡೆ ಮಾಡಾಕ ಕಲ್ಲು ತೆಗೆದೆ. ಅರ್ಧ ಗುಡ್ಡೆ ಆಗಿತ್ತು, ಅರ್ಧ ಇನ್ನೂ ರಸ್ತೆ ಮ್ಯಾಲೇ ಇತ್ತು."

"ಬೈಕ್ ಬರೋದು ಕಾಣಲಿಲ್ವಾ?"

"ಬೆನಕನ್ನಿಟ್ಟು ಕಣ್ಣು ಮುಚ್ಚಿ ಕೈ ಮುಗಿದಿದ್ದೆ." ಅವರ ದನಿ ನಡುಗಲಿಲ್ಲ, ಇಳಿಯಿತು. "ಕಣ್ಣು ಬಿಡೂದ್ರಾಗ ಆ ತಾಯಿ ಬಿದ್ದಿದ್ಲು. ನಮ್ಮ ಕಾಳಿನ ಮ್ಯಾಲೆ."

"ಮತ್ತೆ ಗುಡಿಸಿದ್ರಿ."

"ಗುಡಿಸಿದೆ."

"ಹುಡುಗ ಜೋರಾಗಿ ಬಂದ ಅಂತ ಸಾಕ್ಷಿ ಹೇಳಿದ್ರಿ."

"ಹೇಳಿದೆ."

ಸುಂಕಲಮ್ಮ ಬಾಗಿಲಿಗೆ ಒರಗಿ ಗಂಡನನ್ನೇ ನೋಡಿದರು. "ಭಜನೀಗೆ ಹೋಗಾದು ಯಾಕ ಬಿಟ್ರಿ ಅಂತ ನಾಕ್ ದಿನದಿಂದ ಕೇಳಾಕ ಹತ್ತೀನಿ. ಗಂಟಲು ಕಟ್ಟೈತಿ ಅಂದ್ರಲ್ರೀ..."

ಒಳಕೋಣೆಯಲ್ಲಿ ಜೋಳದ ಚೀಲಗಳು ಒಂದು ಮೂಲೆಗೆ ಬೇರೆಯಾಗಿ ನಿಂತಿದ್ದವು. ಮಾರಿರಲಿಲ್ಲ, ದನಕ್ಕೂ ಹಾಕಿರಲಿಲ್ಲ. "ಅದು ಉಣ್ಣೋ ಕಾಳಲ್ಲ," ಎಂದರು ಉಚ್ಚಂಗಪ್ಪ. ಚೀಲಗಳನ್ನು ಪಂಚನಾಮೆ ಮಾಡಿ ವಶಕ್ಕೆ ಪಡೆದರು, ಬೆನಕ ಮತ್ತೆ ಡಬ್ಬಿ ಸೇರಿತು. ರಸ್ತೆಗೆ ಅಡ್ಡಿ, ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ: ದಸ್ತಗಿರಿಯ ಕಾರಣಗಳನ್ನು ಕೆಂಪಪ್ಪ ಓದಿ ಹೇಳಿದರು. ಐದೂ ಇಪ್ಪತ್ತಕ್ಕೆ ಉಚ್ಚಂಗಪ್ಪ ಜೀಪು ಹತ್ತಿದರು.

ದಾರಿಯಲ್ಲಿ ಸರ್ವಮಂಗಳ ಒಂದೇ ಪ್ರಶ್ನೆ ಕೇಳಿದರು.

"ನಿಜ ಹೇಳಿದ್ರೆ ಜಾಮೀನು ಸಿಗೋ ಕೇಸು. ಇದು ನಿಮಗೆ ಗೊತ್ತಿರಲಿಲ್ವಾ?"

"ಕೋರ್ಟಿಗೆ ಹೆದರ್ಲಿಲ್ಲ ಅವ್ವಾ. ಇಡೀ ಊರಿಗೆ ಆಣೆ ಮಾಡಿಸಿದಾವ ನಾನು. ಊರು ಪಾಲಿಸಿತು. ಮುರಿದಾವ ನಾನೊಬ್ಬನೇ." ಅವರು ಹೊರಗೆ ನೋಡುತ್ತಿದ್ದರು. "ಅದನ್ನ ಅವರ ಮುಂದೆ ನಿಂತು ಹೆಂಗ ಹೇಳ್ಲಿ ಅಂತ ಆ ಹುಡುಗನ ತಲೀಗೆ ಕಟ್ಟಿದೆ."

ದೊಡ್ಡವನೆನಿಸಿಕೊಳ್ಳುವುದು ಸುಲಭ, ಎನಿಸಿಕೊಂಡ ಮೇಲೆ ತಪ್ಪೊಪ್ಪುವುದು ಕಷ್ಟ. ಎಲ್ಲವನ್ನೂ ಗುಡಿಸಿದ ಆ ಕೈಗೆ ಒಂದು ಮುಷ್ಟಿ ಸಗಣಿಯನ್ನು ಬಿಸಾಡುವುದಾಗಲಿಲ್ಲ. ಅವರಲ್ಲಿ ಉಳಿದಿದ್ದ ಭಕ್ತಿಯೇ ಅವರನ್ನು ಹಿಡಿದುಕೊಟ್ಟಿತು. ದೇವರು ಹಾಗೆಯೂ ಕೈ ಹಿಡಿಯುತ್ತಾನೇನೋ.

ತನ್ವೀರನ ಮೇಲಿನ ಆರೋಪ ಕೈಬಿಟ್ಟ ವರದಿ ನ್ಯಾಯಾಲಯಕ್ಕೆ ಹೋಯಿತು. ಡಿಸೆಂಬರ್ ಕೊನೆಯ ವಾರ ಬೈಕು ಬಿಡುಗಡೆಯ ಆದೇಶ ಬಂತು. ಬೈಕು ವಲೀಸಾಬರ ಹೆಸರಿನಲ್ಲಿದ್ದುದರಿಂದ ಅವರೇ ಬಂದು ಸಹಿ ಹಾಕಬೇಕಿತ್ತು. ಪ್ಲಾಸ್ಟರ್ ಬಿಚ್ಚಿಸಿಕೊಂಡಿದ್ದ ತನ್ವೀರ್ ಗೇಟಿನ ಹೊರಗೇ ನಿಂತ.

ಕೆಂಪಪ್ಪ ಕೀಲಿ ಕೊಟ್ಟರು. "ಸಾಬ್ರೇ, ಆವತ್ತು ನಾನು ಸರಿಯಾಗಿ ನೋಡ್ಲಿಲ್ಲ."

"ನಾನೂ ನೋಡ್ಲಿಲ್ಲ," ಎಂದರು ವಲೀಸಾಬರು.

ಅವರ ಕೈಚೀಲದಲ್ಲಿ ಎರಡು ಹೆಲ್ಮೆಟ್ ಇದ್ದವು. ಒಂದು ಮಗನದು, ಇನ್ನೊಂದು ಹೊಸದು, ಬೆಲೆಯ ಚೀಟಿಯನ್ನೂ ಕಿತ್ತಿರಲಿಲ್ಲ. ಬೈಕನ್ನು ಗೇಟಿನವರೆಗೆ ತಳ್ಳಿಕೊಂಡು ಹೋಗಿ ಸ್ಟ್ಯಾಂಡ್ ಹಾಕಿದರು. ಹೊಸ ಹೆಲ್ಮೆಟ್ ತಾವು ಹಾಕಿಕೊಂಡು, ಪಟ್ಟಿ ಬಿಗಿದು, ಹಿಂದಿನ ಸೀಟಿನಲ್ಲಿ ಕೂತರು.

ತನ್ವೀರ್ ನಿಂತೇ ಇದ್ದ.

ವಲೀಸಾಬರು ಅವನ ಅಂಗೈ ಬಿಡಿಸಿ, ಕೀಲಿ ಇಟ್ಟು, ಬೆರಳು ಮಡಚಿದರು.